ಹನ್ನೆರಡನೇ ಕಾಲಂ

ಪಂಚಾಯಿತಿ ಬಾಗಿಲಿಗೆ ಅಂಟಿಸಿದ ಕಾಗದ ಹೇಳುತ್ತದೆ:
ತಕರಾರಿದ್ದವರು ಮೂವತ್ತು ದಿನದೊಳಗೆ
ಲಿಖಿತವಾಗಿ ಸಲ್ಲಿಸತಕ್ಕದ್ದು.
ಗೋಂದು ಇನ್ನೂ ಹಸಿ. ಇರುವೆಯೊಂದು
‘ವಸತಿ ಉದ್ದೇಶಕ್ಕಾಗಿ’ ಎಂಬಲ್ಲಿ ಸಿಕ್ಕಿಕೊಂಡು
ಕಾಲು ಜಾಡಿಸುತ್ತಿತ್ತು.

ನಾನು ಬೆಳ್ಯಪ್ಪ. ಸರ್ವೆ ಇಲಾಖೆಯಲ್ಲಿ
ಇಪ್ಪತ್ತೊಂಬತ್ತು ವರ್ಷ ಸರಪಳಿ ಎಳೆದವನು.
ಗೋಣಿಕೊಪ್ಪದಿಂದೀಚೆಯ ಅರ್ಧ ಕಲ್ಲುಗಳು
ನನ್ನ ಮಂಡಿಯನ್ನು ಬಲ್ಲವು.
ಗದ್ದೆಯನ್ನೇ ಅಳೆದೆ ಅಂದುಕೊಂಡಿದ್ದೆ;
ಅಳತೆಗೆ ಸಿಕ್ಕಿದ್ದು ಬದು ಮಾತ್ರ.
ನೀರು ಯಾವ ನಂಬರಿನಲ್ಲೂ ನಿಲ್ಲಲಿಲ್ಲ.
ಕಕ್ಕಡದಲ್ಲಿ ಕೀರೆಹೊಳೆ ದಂಡೆ ಮೀರಿ ಬಂದರೆ
ಈ ಬಯಲು ಅದಕ್ಕೆ ಚಾಪೆ ಹಾಸಿ
ಮೂರು ರಾತ್ರಿ ಮಲಗಿಸಿಕೊಂಡು
ಮೆಲ್ಲಗೆ ಎಬ್ಬಿಸಿ ಕಳಿಸುತ್ತಿತ್ತು, ಪೇಟೆಗೆ ತಿಳಿಯದ ಹಾಗೆ.
ನಕ್ಷೆಯಲ್ಲಿ ಇದಕ್ಕೊಂದು ಬಣ್ಣವಿಲ್ಲ.

ಈಗ ಅಲ್ಲಿ ಬೋರ್ಡು: ‘ಪ್ಯಾಡಿ ವ್ಯೂ ಎನ್‌ಕ್ಲೇವ್’.
ಮತ್ತಿ ಮೀನು ತೂಗುತ್ತ ಮೊಯ್ದು ಕೇಳಿದ:
ಗದ್ದೆಯ ಮೇಲೆಯೇ ಕೂತ ಮೇಲೆ
ಯಾವ ಗದ್ದೆ ಕಾಣುತ್ತದೆ ಇವರಿಗೆ?

ಸುಳ್ಳು ಹೇಳಲಾರೆ. ರಸ್ತೆ ಬದಿಯ ಹದಿನೆಂಟು ಸೆಂಟು
ಎಲ್ಲರಿಗಿಂತ ಮೊದಲು ಮಾರಿದವನು ನಾನೇ.
ವಾರಕ್ಕೆರಡು ಸಲ ಡಯಾಲಿಸಿಸ್, ಮೈಸೂರು.
ತಮ್ಮ ಉಳಿಯಲಿಲ್ಲ.
ಟೈಲ್ಸ್ ಅಂಗಡಿ ಉಳಿದಿದೆ.
ಸಂಜೆ ಅದರ ಗಾಜಿನಲ್ಲಿ ನನ್ನ ಉಳಿದ ಗದ್ದೆ
ಮಾರಾಟಕ್ಕಿಟ್ಟ ಮಾದರಿಯಂತೆ ಹೊಳೆಯುತ್ತದೆ.

ಗ್ರಾಮಸಭೆಗೆ ಬಂದ ಲೇಔಟಿನ ಹುಡುಗ ಒಳ್ಳೆಯವನೇ.
ಎಲ್ಲರಿಗೂ ಟೀ ಹೇಳಿದ. ಹನ್ನೊಂದು ವರ್ಷದಿಂದ
ನಾಟಿಯಿಲ್ಲದ ಪಾಳು, ಯಾರಿಗೆ ನಷ್ಟ? ಎಂದ.
ಪಟ್ಟೆದಾರ ಉಗುರು ನೋಡಿಕೊಂಡ.
ಸುಬೇದಾರರು ರೋಡಿನ ಅಗಲ ಕೇಳಿದರು.
ಕೊಳಚೆ ಎಲ್ಲಿಗೆ ಬಿಡುತ್ತೀರಿ? ಎಂದರು ಚಿತ್ರಾವತಿ ಟೀಚರು.
ಹೊಳೆ ಎಂಬ ಪದ ಬಾರದಂತೆ
ಅವನು ಬಹಳ ಹೊತ್ತು ಉತ್ತರಿಸಿದ.

ಆಗ ಹಿಂದಿನಿಂದ ಲೈನ್‌ಮನೆಯ ಚುಬ್ರಿ ಎದ್ದಳು.
ಅವಳ ಹೆಸರು ಯಾವ ಪಹಣಿಯಲ್ಲೂ ಇಲ್ಲ.
‘ನಿನಗೇನಮ್ಮ ಹಕ್ಕು ಇದರಲ್ಲಿ?’
ಕಾರ್ಯದರ್ಶಿ ಪೆನ್ನು ಎತ್ತಿ ಹಿಡಿದ.
ಅವಳು ಬುಟ್ಟಿ ತಂದು ಮೇಜಿನ ಮೇಲಿಟ್ಟಳು.
‘ಪಾಳು ಅಂತೀರಿ. ಇವು ಬೆಳಿಗ್ಗೆ ಅಲ್ಲೇ ಹಿಡಿದದ್ದು.’
ಏಡಿಯೊಂದು ಹೊರಬಿದ್ದು
ನಕ್ಷೆಯ ಮೇಲೆ ಅಡ್ಡಡ್ಡ ನಡೆಯಿತು,
ಎ ಬ್ಲಾಕ್ ದಾಟಿ, ಮಕ್ಕಳ ಪಾರ್ಕು ದಾಟಿ,
ಕ್ಲಬ್‌ಹೌಸಿನಲ್ಲಿ ಸ್ವಲ್ಪ ಹೊತ್ತು ಯೋಚಿಸಿತು.
ಸಭೆ ನಕ್ಕಿತು. ನಡಾವಳಿಯಲ್ಲಿ
ನಗು ದಾಖಲಾಗಲಿಲ್ಲ, ಏಡಿಯೂ.

ಅವರ ಮೂವತ್ತಡಿ ರಸ್ತೆ ಬರಬೇಕಾದದ್ದು
ನನ್ನ ಒಂದು ಎಕರೆ ಏಳು ಸೆಂಟಿನ ಮೇಲೆ.
ಅದೂ ಆರು ವರ್ಷದಿಂದ ಪಾಳೇ.
ಎರಡು ಸಲ ಅರ್ಜಿ ಬರೆದೆ, ಹರಿದೆ.
ಚಕ್ಕುಬಂದಿ ಬರೆಯಲು ಪಳಗಿದ ಕೈ ಇದು,
ಬೇಡಿಕೊಳ್ಳಲು ಬರುವುದಿಲ್ಲ.
ಮೊಯ್ದುವಿನ ಭಾವನ ಟಿಲ್ಲರ್‌ಗೆ ಫೋನು ಮಾಡಿದೆ.

ನಾಟಿಗೆ ಕರೆದದ್ದು ನಾಲ್ವರನ್ನು, ಬಂದದ್ದು ಹತ್ತೊಂಬತ್ತು ಜನ.
ಟೀಚರು ಗಂಡನ ಗಂಬೂಟು ಹಾಕಿಕೊಂಡಿದ್ದರು.
ಸುಬೇದಾರರು ಕೆಸರಲ್ಲಿ ಬಿದ್ದು
ಎದ್ದು ನಿಂತದ್ದು ಅಟೆನ್ಷನ್ನಿನಲ್ಲೇ.
ಪಟ್ಟೆದಾರ ಬರಲಿಲ್ಲ; ಅವನ ಹೆಂಡತಿ
ಒಂದು ಪಾತ್ರೆ ಕಡುಬು ಕಳಿಸಿದ್ದಳು, ಯಾರೆಂದು ಹೇಳದೆ.
ನನ್ನ ಸಾಲು ಸೊಟ್ಟಗಾಯಿತು.
‘ಸರಪಳಿ ಹಿಡಿದ ಕೈ ನೋಡಿ!’ ಎಂದು ಚುಬ್ರಿ
ಇಡೀ ಸಾಲು ಕಿತ್ತು ಮತ್ತೆ ನೆಟ್ಟಳು.

ಇಪ್ಪತ್ತೆಂಟನೆಯ ದಿನ ಗ್ರಾಮಲೆಕ್ಕಿಗನ ಹುಡುಗ ಬಂದ.
ಬದುವಿನ ಮೇಲೆ ಚಪ್ಪಲಿ ಬಿಚ್ಚಿಟ್ಟು
ಮೊಬೈಲ್ ಎತ್ತಿ ಫೋಟೋ ತೆಗೆದ.
ಹನ್ನೆರಡನೇ ಕಾಲಮ್ಮಿಗೆ ಬಂದು ಕೇಳಿದ:
ಬೆಳೆ?
ಯಾರೂ ಏನೂ ಹೇಳಲಿಲ್ಲ.
ಸಸಿಗಳು ಇನ್ನೂ ಬೇರು ಹಿಡಿಯದೆ
ಕಾಯಿಲೆಯವರ ಹಾಗೆ ಒರಗಿಕೊಂಡಿದ್ದವು.
ಸ್ವಲ್ಪ ನೋಡಿ, ಹೆಬ್ಬೆರಳಲ್ಲಿ ಒತ್ತಿದ: ಭತ್ತ.

ಇಷ್ಟರಿಂದ ಏನಾಗುತ್ತದೋ ತಿಳಿಯದು.
ಬೋರ್ಡು ಅಲ್ಲೇ ಇದೆ. ಸುಣ್ಣ ಬಳಿದ ಹೊಸ ಕಲ್ಲುಗಳೂ.
ಒಂದರ ಮೇಲೆ ಕೊಕ್ಕರೆ ಹಿಕ್ಕೆ ಹಾಕಿದೆ.
ಕತ್ತಲಾದ ಮೇಲೆ ಹೊಳೆಯ ಸದ್ದು
ಹತ್ತಿರವಾದಂತೆ ಕೇಳುತ್ತಿದೆ.
ಮೂಡಣ ಬದುವಿನಲ್ಲಿ ಏಡಿ ಕೊರೆದ ತೂತೊಂದನ್ನು
ಮುಚ್ಚಲು ಮರೆತಿದ್ದೇನೆ.
ಬೆಳಗಾಗುವ ಮೊದಲು ಹೋಗಬೇಕು,
ಟಾರ್ಚಿಗೆ ಸೆಲ್ ಹಾಕಬೇಕು.